ದುಮ್ಮವಾಡಕ್ಕೆ ಬಂದ ಜಪಾನಿ ಕತ್ತಿ

ಹಳೆಯ ಕತ್ತಿಗಳನ್ನು ನೋಡಿ ಇದು ಅಸಲಿ, ಇದು ನಕಲಿ ಎಂದು ಹೇಳುವುದೇ ನನ್ನ ನೌಕರಿಯಾಗಿತ್ತು. ಹೀಗೆಂದ ಕೂಡಲೇ ಎದುರಿಗಿದ್ದವರು ಮೊದಲು ನನ್ನ ಇಳಕಲ್ ಸೀರೆಯನ್ನೂ ಆಮೇಲೆ ನನ್ನ ಮುಖವನ್ನೂ ನೋಡಿ, ಈಕೆ ಚೇಷ್ಟೆ ಮಾಡುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ಅವರ ತಪ್ಪಲ್ಲ. ಮಿಶ್ರಿಕೋಟಿಯ ಸೊಸೆಯೊಬ್ಬಳು ಮುಂಬಯಿಯ ಹರಾಜು ಕಂಪನಿಯೊಂದರಲ್ಲಿ ಕೂತು ಜಪಾನಿನ ಸಮುರಾಯಿಗಳ ಕತ್ತಿಗೆ ವಯಸ್ಸು ಹೇಳುತ್ತಿದ್ದಳು ಎಂದರೆ ನನಗೇ ಒಮ್ಮೊಮ್ಮೆ ನಂಬಿಕೆ ಬರುವುದಿಲ್ಲ. ಆದರೆ ಹೇಳುತ್ತಿದ್ದೆ. ಜೋರಾಗಿಯೇ ಹೇಳುತ್ತಿದ್ದೆ, ಕೆಲವೊಮ್ಮೆ ತಪ್ಪಾಗಿಯೂ ಹೇಳುತ್ತಿದ್ದೆ.

ಈಗ ನಿವೃತ್ತಿಯಾಗಿ ಊರಿಗೆ ಬಂದಿದ್ದೇನೆ. ಈ ಕಸುಬಿಗೆ ಹೊಸದಾಗಿ ಇಳಿದ ಹುಡುಗ ಹುಡುಗಿಯರು ಫೋನು ಮಾಡಿ, ಆನ್‌ಲೈನಿನಲ್ಲಿ ಮಾರಾಟಕ್ಕಿಟ್ಟ ಜಪಾನಿ ಕತ್ತಿ ಕೊಳ್ಳಲು ಯೋಗ್ಯವೋ ಅಲ್ಲವೋ ಎಂದು ಹೇಗೆ ತಿಳಿಯುವುದು ಎಂದು ಕೇಳುತ್ತಲೇ ಇರುತ್ತಾರೆ. ಹೇಳಿ ಹೇಳಿ ನನ್ನ ಗಂಟಲು ಬಿದ್ದುಹೋಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಎಂಥ ಕುರ್ಚಿ ಸಿಕ್ಕಿತು ಎಂಬುದು ನಿಮಗೆ ಬೇಡ. ಆ ಕುರ್ಚಿ ಕೂತರೆ ಕಿರ್ ಎನ್ನುತ್ತಿತ್ತು, ಎದ್ದರೂ ಕಿರ್ ಎನ್ನುತ್ತಿತ್ತು ಎಂಬುದಷ್ಟೇ ನನಗೆ ನೆನಪಿದೆ.

ನಾನು ಅಲ್ಲಿ ಸೇರಿದ್ದು ಟೈಪಿಸ್ಟ್ ಆಗಿ. ಹರಾಜಿಗೆ ಬಂದ ಸಾಮಾನಿನ ವಿವರ ಟೈಪು ಮಾಡುವುದು ಕೆಲಸ. ಆಯುಧಗಳ ವಿಭಾಗಕ್ಕೆ ಒಬ್ಬ ಪಾರ್ಸಿ ಮುದುಕರು ಮುಖ್ಯಸ್ಥರು. ಅವರನ್ನು ಎಲ್ಲರೂ ಬರಿಯ ಸಾಹೇಬರು ಎನ್ನುತ್ತಿದ್ದರು. ಸಾಹೇಬರ ಕಣ್ಣು ಮಂಜಾಗತೊಡಗಿತ್ತು. ಕತ್ತಿಯ ಹಿಡಿಯೊಳಗೆ ಸೇರಿರುವ ಉಕ್ಕಿನ ಭಾಗ ಇರುತ್ತದಲ್ಲ, ಅದನ್ನು ನಾವು ಬಾಲ ಎನ್ನುತ್ತಿದ್ದೆವು. ಜಪಾನಿನ ಕಮ್ಮಾರರು ತಮ್ಮ ಹೆಸರನ್ನು ಕೊರೆಯುವುದು ಆ ಬಾಲದ ಮೇಲೆಯೇ. ಸಾಹೇಬರಿಗೆ ಆ ಸಣ್ಣ ಅಕ್ಷರ ಕಾಣದಾದಾಗ ನನ್ನನ್ನು ಕರೆದು, "ಇದನ್ನು ಹೀಗೇ ಕಾಗದದ ಮೇಲೆ ಇಳಿಸು" ಎಂದರು. ನನಗೆ ಜಪಾನಿ ಬರುತ್ತಿರಲಿಲ್ಲ, ರಂಗೋಲಿ ಬರುತ್ತಿತ್ತು. ಎಳೆ ತಪ್ಪದಂತೆ ಇಳಿಸಿಕೊಟ್ಟೆ. ಸಾಹೇಬರು ಕಾಗದವನ್ನು ಮೂಗಿಗೆ ಹತ್ತಿರ ಹಿಡಿದು ನೋಡಿ, ನಾಳೆಯಿಂದ ನನ್ನ ಪಕ್ಕದಲ್ಲೇ ಕೂಡು ಎಂದರು.

ಅವರು ಕಲಿಸಿದ ಮೊದಲ ಪಾಠ ನನಗೆ ಅತಿ ಕಷ್ಟದ್ದು. ಕತ್ತಿ ಒರೆಯಿಂದ ಹೊರಗೆ ಬಂದ ಮೇಲೆ ಬಾಯಿ ಬಿಡಬಾರದು. ಮಾತಾಡುವಾಗ ಸಿಡಿಯುವ ಹನಿ ಬಿದ್ದರೂ ಆ ಉಕ್ಕಿಗೆ ತುಕ್ಕು ಹಿಡಿಯುತ್ತದೆ. ಧಾರವಾಡ ಕಡೆಯವಳಿಗೆ ಮಾತಾಡಬೇಡ ಅಂದರೆ ಹೇಗೆ? ನಾನು ಎರಡು ಸಲ ಮರೆತೆ. ಮೂರನೆಯ ಸಲ ಸಾಹೇಬರು ಮಡಿಚಿದ ಕಾಗದವನ್ನು ನನ್ನ ತುಟಿಗಳ ನಡುವೆ ಸಿಕ್ಕಿಸಿದರು. ಜಪಾನಿನ ದೊಡ್ಡ ದೊಡ್ಡ ಪಂಡಿತರೂ ಹಾಗೇ ಮಾಡುತ್ತಾರಂತೆ. ನಾನು ಹಾಗೆ ಕಾಗದ ಕಚ್ಚಿಕೊಂಡು ಅಲಗು ನೋಡುತ್ತಿರುವಾಗ ಕತ್ತಿಯ ಮಾಲೀಕ ಒಳಗೆ ಬಂದು, "ಅಸಲಿ ಹೌದಲ್ಲ?" ಎಂದು ಕೇಳಿದ. ತಡೀ ಎನ್ನಲಿಕ್ಕೆ ತಲೆ ಆಡಿಸಿದೆ. ಆತ ಅದನ್ನು ಹೌದು ಎಂದುಕೊಂಡು ಓಡಿಹೋಗಿ ಬಂಧುಬಳಗಕ್ಕೆಲ್ಲ ಪೇಢೆ ಹಂಚಿಬಿಟ್ಟ. ಸಂಜೆ ಅದು ನಕಲಿ ಎಂದು ಹೇಳುವಾಗ ನನ್ನ ಬಾಯಲ್ಲೂ ಅವನು ಕೊಟ್ಟ ಪೇಢೆಯೇ ಇತ್ತು.

ನನ್ನ ದೊಡ್ಡ ಅವಾಂತರ ಕೇಳಿ. ಒಂದು ಕತ್ತಿ ಬಂತು. ಹಿಡಿಯ ಸುತ್ತ ಹಿತ್ತಾಳೆಯ ಡ್ರ್ಯಾಗನ್ನು, ಒರೆಯ ಮೇಲೆ ಕೊಕ್ಕರೆ, ಅಲಗು ಕನ್ನಡಿಯ ಹಾಗೆ ಫಳಫಳ. ನಾನು ಮರುಳಾಗಿಹೋದೆ. ರಾಜಮನೆತನ, ರಣರಂಗ, ವೀರಮರಣ ಎಲ್ಲ ಸೇರಿಸಿ ಒಂದು ಪುಟ ವರ್ಣನೆ ಬರೆದೆ. ಸಾಹೇಬರು ಅದನ್ನು ಪೂರ್ತಿ ಓದಿ, ಚೆನ್ನಾಗಿ ಬರೆದಿದ್ದೀ ಎಂದು ಬೆನ್ನು ತಟ್ಟಿದರು. ಆಮೇಲೆ ಹಿಡಿಯ ತುದಿಯನ್ನು ನನ್ನ ಕಡೆ ತಿರುಗಿಸಿದರು. ಅಲ್ಲಿ ಒಂದು ಸ್ಕ್ರೂ. ಅದೂ ಪ್ಲಸ್ ಗುರುತಿನದು, ನಮ್ಮ ಮನೆಯ ಸ್ವಿಚ್ಚಿನಲ್ಲಿರುವಂಥದ್ದೇ. "ನಿನ್ನ ವೀರ ರಣರಂಗಕ್ಕೆ ಸ್ಕ್ರೂಡ್ರೈವರ್ ಒಯ್ದಿದ್ದನೇನು?" ಎಂದು ಕೇಳಿದರು. ಇಡೀ ವಿಭಾಗ ಬಿದ್ದು ಬಿದ್ದು ನಕ್ಕಿತು. ಸಾಹೇಬರು ನಿವೃತ್ತರಾಗುವವರೆಗೂ ನನ್ನ ಟೇಬಲ್ಲಿನ ಮೇಲೆ ಆಗಾಗ ಒಂದು ಸ್ಕ್ರೂಡ್ರೈವರ್ ಬಂದು ಕೂತಿರುತ್ತಿತ್ತು.

ಹಾಗಾಗಿ ಹೊಸಬರೇ, ಕತ್ತಿ ಬಂದರೆ ಅಲಂಕಾರ ನೋಡಬೇಡಿ, ಬಾಲ ನೋಡಿ. ಕಾಲ ಕಳೆದ ಬಾಲದ ಮೇಲಿನ ತುಕ್ಕು ಕಂದು ಕಪ್ಪಾಗಿ, ಕೈಯಾಡಿಸಿದರೆ ನುಣ್ಣಗೆ ಇರುತ್ತದೆ. ಮೊನ್ನೆ ಮೊನ್ನೆ ಬರಿಸಿದ ತುಕ್ಕು ಕೇಸರಿ ಬಣ್ಣದ್ದು, ಬೆರಳಿಗೆ ಮೆತ್ತಿಕೊಳ್ಳುತ್ತದೆ. ಹೆಸರು ಕೊರೆದಿದೆ ಎಂದು ಹಿಗ್ಗಬೇಡಿ, ದೊಡ್ಡ ಕಮ್ಮಾರರ ಹೆಸರನ್ನು ಅವರಿಗಿಂತ ಹೆಚ್ಚು ಸಲ ಬರೆದವರು ಕಳ್ಳರೇ. ಜಪಾನಿನವರು ಆ ಬಾಲದ ತುಕ್ಕನ್ನು ಯಾವತ್ತೂ ತೆಗೆಯುವುದಿಲ್ಲ. ಅದು ಹೋದರೆ ಕತ್ತಿಯ ಜಾತಕವೇ ಹೋದ ಹಾಗೆ. ಬಾಲದ ನಂತರ ಅಲಗಿನ ಅಂಚಿಗೆ ಹೊಂದಿಕೊಂಡು ಓಡುವ ಹದದ ಗೆರೆ ನೋಡಿ. ಅಂಚನ್ನಷ್ಟೇ ಗಟ್ಟಿ ಮಾಡಲು ಹದ ಹಾಕಿದಾಗ ಮೂಡುವ ಗೆರೆ ಅದು. ಅಸಲಿಯಾದರೆ ಹಾಲಿನ ಮೇಲೆ ಕೆನೆ ಕಟ್ಟುವಾಗ ಕಾಣುವ ಅಂಚಿನ ಹಾಗೆ ಮೆತ್ತಗೆ ಕರಗಿರುತ್ತದೆ. ನಕಲಿ ಮಾಡುವವರು ಆಮ್ಲ ಸವರಿ ಆ ಗೆರೆ ಬರಿಸುತ್ತಾರೆ, ಅದು ಗೋಡೆಗೆ ಸುಣ್ಣದ ಪಟ್ಟಿ ಎಳೆದಂತೆ ಸತ್ತುಬಿದ್ದಿರುತ್ತದೆ. ಆಮ್ಲ ಕಂಡರೆ ಅಲ್ಲಿಗೇ ಬಿಟ್ಟುಬಿಡು ಎಂದು ಸಾಹೇಬರು ಹೇಳಿದ್ದರು. ನಾನೂ ಹಾಗೇ ಬಿಡುತ್ತಿದ್ದೆ.

ಮೊದಲು ಕತ್ತಿಯೇ ನಮ್ಮ ಮೇಜಿಗೆ ಬರುತ್ತಿತ್ತು. ನಾನು ನಿವೃತ್ತಳಾಗುವ ಹೊತ್ತಿಗೆ ಫೋಟೋ ಮಾತ್ರ ಬರತೊಡಗಿತು. ಅಯ್ಯೋ ಆ ಫೋಟೋಗಳ ಮಜವೇ ಮಜ! ಹೂವಿನ ಬೆಡ್‌ಶೀಟಿನ ಮೇಲೆ ಕತ್ತಿ, ಕುಕ್ಕರಿನ ಬಾಜು ಕತ್ತಿ, ಹಿಂದೆ ಮಂಚದ ಮೇಲೆ ಕೂತು ದುರುಗುಟ್ಟುವ ಮುದುಕಿ. ಒಬ್ಬಾತ ಕಪ್ಪು ಕನ್ನಡಕ ಹಾಕಿ ಕತ್ತಿ ಎತ್ತಿ ಹಿಡಿದು ನಿಂತಿದ್ದ. ಹತ್ತಿರದಿಂದ ತೆಗೆದು ಕಳಿಸಿ ಎಂದರೆ ತನ್ನ ಮುಖವನ್ನೇ ಹತ್ತಿರದಿಂದ ತೆಗೆದು ಕಳಿಸಿದ. ಇನ್ನೊಬ್ಬ ‘ನಾಲ್ಕು ನೂರು ವರ್ಷದ ಸಮುರಾಯಿ ಕತ್ತಿ, ಸ್ಟೇನ್‌ಲೆಸ್ ಸ್ಟೀಲ್, ತುಕ್ಕು ಹಿಡಿಯದ ಗ್ಯಾರಂಟಿ’ ಎಂದು ಬರೆದಿದ್ದ. ಅವನ ಪ್ರಾಮಾಣಿಕತೆಗೆ ಮೆಚ್ಚಿ ನಾನು ಧನ್ಯವಾದ ಹೇಳಿ ಪತ್ರ ಬರೆದೆ. ಫೋಟೋ ಕಾಲದಲ್ಲಿ ಕೆಲಸ ಮಾಡುವವರು ಮಾರುವವನಿಂದ ಬಾಲದ ಫೋಟೋ ಕೇಳಲೇಬೇಕು, ಹಗಲ ಬೆಳಕಿನಲ್ಲಿ ತೆಗೆದ ಮೊನೆಯ ಫೋಟೋ ಕೇಳಲೇಬೇಕು. ಕೊಡದವನ ಹತ್ತಿರ ಕೊಳ್ಳಬಾರದು. ಆದರೆ ಕೇಳುವಾಗ ಒಂದು ಮಾತು ಸೇರಿಸಬೇಕು, ಅದನ್ನು ನಾನು ಕಲಿತದ್ದು ನಿವೃತ್ತಿಯಾದ ಮೇಲೆ.

ಮಿಶ್ರಿಕೋಟಿಗೆ ಬಂದು ನೆಗೆಣ್ಣಿ, ಎಂದರೆ ಮೈದುನನ ಹೆಂಡತಿ, ಪಾರವ್ವನ ಜೊತೆ ಸಂಡಿಗೆ ಉಪ್ಪಿನಕಾಯಿ ಎಂದು ಸುಖವಾಗಿದ್ದೆ. ಒಂದು ಬೆಳಿಗ್ಗೆ ಮನೆಯ ಮುಂದೆ ಗಾಡಿ ನಿಂತಿತು. ಓಡಿಸುತ್ತಿದ್ದವನು ದುಮ್ಮವಾಡದಲ್ಲಿ ಪೈಪಿನ ಅಂಗಡಿ ಇಟ್ಟ ವೀರೇಶ. ಹಿಂದೆ ಕೂತವರು ಈಗ ಅವನ ಮನೆಯಲ್ಲೇ ಇರುವ ಸೋದರತ್ತೆ ಗಂಗವ್ವ. ಎಪ್ಪತ್ತು ದಾಟಿದ ಹೆಂಗಸು, ತಲೆ ಮೇಲೆ ಸೆರಗು, ಕಣ್ಣಲ್ಲಿ ಕೆಂಡ.

"ಕತ್ತಿ ನೋಡೂ ಬಾಯಾರು ನೀವ ಏನ್ರಿ?"

"ಹೌದ್ರಿ. ಬರ್ರಿ, ಕುಂಡ್ರಿ."

"ಕುಂಡ್ರಾಕ ಬಂದಿಲ್ರಿ. ಲೇ ವೀರೇಶ, ತೋರಸೋ ನಿನ್ನ ಫೋನಾ."

ಫೋನಿನಲ್ಲಿ ಒಂದು ಕತ್ತಿ ಇತ್ತು. ‘ಬರ್ಮಾ ಯುದ್ಧದ ಅಸಲಿ ಜಪಾನಿ ಕತ್ತಿ, ಪುರಾತನ’ ಎಂದು ಬೆಳಗಾವಿಯ ಸಲೀಂ ಎಂಬ ಹಳೇ ಸಾಮಾನಿನ ವ್ಯಾಪಾರಿ ಮಾರಾಟಕ್ಕೆ ಇಟ್ಟಿದ್ದ. ಗಂಗವ್ವ ನಿಂತುಕೊಂಡೇ ಕತೆ ಹೇಳಿದರು. ಅವರದು ಪುರವಂತರ ಮನೆತನ. ಪುರವಂತರು ಎಂದರೆ ಕೈಯಲ್ಲಿ ಕತ್ತಿ ಹಿಡಿದು ವೀರಭದ್ರನ ಕತೆಯನ್ನು ಗರ್ಜಿಸಿ ಹೇಳುವವರು, ಆ ಹೇಳಿಕೆಗೆ ಒಡಪು ಎನ್ನುತ್ತಾರೆ. ಗಂಗವ್ವನ ತಂದೆ ವೀರಪ್ಪ ಪಲ್ಟಣಿಗೆ ಸೇರಿ ಬರ್ಮಾಕ್ಕೆ ಹೋದವರು, ಬರುವಾಗ ಸೋತ ಜಪಾನಿ ಅಧಿಕಾರಿಯೊಬ್ಬ ಒಪ್ಪಿಸಿದ ಕತ್ತಿ ತಂದರು. ಊರಿನಲ್ಲಿ ಅದನ್ನೇ ಹಿಡಿದು ಒಡಪು ಹೇಳಿದರು. ಎಂಥ ಚೆಂದ ನೋಡಿ, ಜಪಾನಿನ ಕಾರ್ಖಾನೆಯಲ್ಲಿ ಹುಟ್ಟಿದ ಕತ್ತಿ ಕಲಘಟಗಿ ತಾಲೂಕಿನಲ್ಲಿ ವೀರಭದ್ರನ ಸೇವೆಗೆ ನಿಂತಿತು!

"ಒಡಪು ಕೇಳಿ ಕೇಳಿ ನನಗ ಎಲ್ಲಾ ಬಾಯಿಪಾಠ ಆಗಿತ್ರಿ. ನಾನೂ ಕತ್ತಿ ಹಿಡೀತೀನೋ ಅಪ್ಪಾ ಅಂದ್ರ, ದೊಡ್ಡಾಕಿ ಆಗವ್ವಾ, ಹಿಡೀವಂತಿ ಅಂತಿದ್ದ. ದೊಡ್ಡಾಕಿ ಆದೆ. ಆಗ ಉಳದವರೆಲ್ಲಾ, ದೊಡ್ಡಾಕಿ ಆದೀ ಇನ್ನ ಮುಟ್ಟಬ್ಯಾಡ ಅಂದ್ರು. ನಾ ಗಂಡನ ಮನಿಗೆ ಹೋದೆ, ಅಪ್ಪ ಹೋದ. ಇವರಪ್ಪ, ಅಂದ್ರ ನಮ್ಮಣ್ಣ, ಹಳೇ ಸಾಮಾನು ತಗೊಳ್ಳಾವ ಬಂದಾಗ ಕತ್ತಿ ಕೊಟ್ಟು ರೇಡಿಯೋ ತಗೊಂಡ!"

"ರೇಡಿಯೋ ಚಲೋ ಇತ್ತಂತ್ರಿ" ಎಂದ ವೀರೇಶ.

"ಸುಮ್ನಿರಲೇ!" ಗಂಗವ್ವ ಅವನ ತಲೆಗೆ ಮೊಟಕಿ ನನ್ನತ್ತ ತಿರುಗಿದರು. "ಬಾಯಾರ, ಸಾಯೂದ್ರೊಳಗ ಒಮ್ಮಿ ಅಪ್ಪನ ಕತ್ತಿ ಕೈಯಾಗ ಹಿಡದು ಒಡಪು ಹೇಳಬೇಕು ನಾನು. ಈ ಕತ್ತಿ ಅವಂದ ಹೌದೋ ಅಲ್ಲೋ, ಅಷ್ಟ ಹೇಳ್ರಿ. ಹೌದಂದ್ರ ತಗೊಂತೀನಿ. ಅಲ್ಲಂದ್ರ ಬಂಗಾರದ್ದಿದ್ರೂ ನನಗ ಬ್ಯಾಡ."

ನನ್ನ ಇಡೀ ನೌಕರಿಯಲ್ಲಿ ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಎಲ್ಲರೂ ಎಷ್ಟಕ್ಕೆ ಮಾರಬಹುದು ಎಂದು ಕೇಳುತ್ತಿದ್ದರು. ನಾನು ಕುಣಿಯುವ ಕರುವಿನಂತಾದೆ. ಕತ್ತಿಯ ಬಗ್ಗೆ ನೆನಪಿರುವುದೆಲ್ಲ ಹೇಳ್ರಿ ಅಂದೆ. ಗಂಗವ್ವ ಯೋಚಿಸಿ, "ಉದ್ದ ಇತ್ರಿ. ಹೊಳೀತಿತ್ತು. ಅಪ್ಪ ಕುಣಿಯೂಮುಂದ ಝಣ್ ಅಂತಿತ್ತು" ಎಂದರು. ಉದ್ದವಿಲ್ಲದ, ಹೊಳೆಯದ ಕತ್ತಿ ಎಲ್ಲಿದೆ? ಸರಿ, ಕತ್ತಿಯನ್ನೇ ಕೇಳೋಣವೆಂದು ಸಲೀಂಗೆ ಫೋನು ಹಚ್ಚಿದೆ. ಹಿಡಿ ಬಿಚ್ಚಿ ಬಾಲದ ಫೋಟೋ ಕಳಿಸಪ್ಪಾ ಎಂದೆ. ಯುದ್ಧಕಾಲದ ಕತ್ತಿಯಾದರೆ ಅಲ್ಲಿ ಕಾರ್ಖಾನೆಯ ಗುರುತು ಸಿಗಬಹುದು. ಅಷ್ಟಲ್ಲದೆ ಕೆಲವು ಜಪಾನಿ ಅಧಿಕಾರಿಗಳು ಮನೆಯ ಹಳೆಯ ಕತ್ತಿಗೇ ಸೈನ್ಯದ ಹಿಡಿ ಹಾಕಿಸಿಕೊಂಡು ಯುದ್ಧಕ್ಕೆ ಹೋಗುತ್ತಿದ್ದರು. ಬಾಲ ನೋಡಿದರೆ ಅರ್ಧ ಚರಿತ್ರೆ ಕೈಗೆ ಬಂದಂತೆ.

ಮರುದಿನ ಫೋಟೋ ಬಂತು. ನಾನು ಕಿಟಾರನೆ ಕಿರುಚಿಬಿಟ್ಟೆ. ಬಾಲ ಹೊಸ ಹಿತ್ತಾಳೆ ತಂಬಿಗೆಯ ಹಾಗೆ ಲಕಲಕ ಹೊಳೆಯುತ್ತಿತ್ತು.

"ಸಲೀಂಭಾಯ್, ಇದೇನ್ ಮಾಡೀರಿ?"

"ಯಾಕ್ರಿ ಮೇಡಂ, ಚಲೋ ಆಗೇತಲ್ರೀ? ಮುಂಬಯಿ ತಜ್ಞರು ನೋಡ್ತಾರ, ಅಂಥಾ ಹೊಲಸ ಹೆಂಗ ತೋರಸೂದ್ರಿ? ನಮ್ಮ ಮನಿಯಾಕಿ ಹುಣಸಿಹಣ್ಣ ಬೂದಿ ಹಚ್ಚಿ ಗಸಗಸ ತಿಕ್ಕಿದ್ಲು. ಅದಕ್ಕೂ ಹೋಗದ್ದು ನಾ ದೋಸ್ತನ ವರ್ಕ್‌ಶಾಪಿಗೆ ಒಯ್ದು ಪಾಲಿಶ್ ಚಕ್ರಕ್ಕ ಹಿಡದೆ. ಅಗದಿ ಕನ್ನಡಿ!"

ಬೈಯುವುದಾದರೂ ಹೇಗೆ? ಮನೆಗೆ ಬೀಗರು ಬರುತ್ತಾರೆಂದರೆ ನಾವೂ ಹಿತ್ತಾಳೆ ಪಾತ್ರೆಗೆ ಇದನ್ನೇ ಮಾಡುವವರಲ್ಲವೇ? ಗುರುತು, ಹೆಸರು, ನಂಬರು, ಎಂಬತ್ತು ವರ್ಷದ ತುಕ್ಕು ಎಲ್ಲ ಆ ಪ್ರೀತಿಯ ತಿಕ್ಕಾಟದಲ್ಲಿ ಹೋಗಿತ್ತು. ಹೊಸಬರೇ, ಬಾಲದ ಫೋಟೋ ಕೇಳುವಾಗ ‘ತಿಕ್ಕಬೇಡಿ, ಒರೆಸಬೇಡಿ, ನಿಮ್ಮ ಮನೆಯವರ ಕೈಗೆ ಕೊಡಬೇಡಿ’ ಎಂದು ಸೇರಿಸಬೇಕು ಎಂದದ್ದು ಇದಕ್ಕೇ.

ಉಳಿದದ್ದು ಅಲಗು ಮತ್ತು ಕೈಗೆ ಪೆಟ್ಟಾಗದಂತೆ ಹಿಡಿಯ ಮುಂದೆ ಇರುವ ಲೋಹದ ಬಿಲ್ಲೆ. ಜಾಹೀರಾತಿನ ಫೋಟೋ ದೊಡ್ಡದು ಮಾಡಿ ನೋಡಿದೆ. ಮೊನೆಯಿಂದ ಸ್ವಲ್ಪ ಕೆಳಗೆ ಅಲಗಿನ ಎರಡೂ ಬದಿಗೆ ಸುತ್ತುಗಟ್ಟಿ ಕಪ್ಪು ಕಲೆ, ಉಕ್ಕು ತಿಂದುಹೋದ ಹಾಗೆ. ಸ್ಪಷ್ಟವಾಗಿ ಆಮ್ಲ! ಬಿಲ್ಲೆಯಲ್ಲಿ ಅಡ್ಡಾದಿಡ್ಡಿ ತೂತು, ಯಾವ ಕಾರ್ಖಾನೆಯೂ ಅಂಥದ್ದು ಹಾಕುವುದಿಲ್ಲ. ಕಳ್ಳರು ಆಮ್ಲ ಸವರಿದರೆ ಅಲಗಿನ ಉದ್ದಕ್ಕೂ ಸವರುತ್ತಾರೆ, ಇಲ್ಲಿ ಮೊನೆಯ ಹತ್ತಿರ ಮಾತ್ರ ಯಾಕೆ ಎಂಬ ಪ್ರಶ್ನೆ ಬಂತು. ಇವನು ಸೋಮಾರಿ ಕಳ್ಳ ಎಂದು ನಾನೇ ಉತ್ತರ ಕೊಟ್ಟುಕೊಂಡೆ. ಆಮ್ಲದ ಕಲೆ ಇದೆ, ಬಾಲ ತಿಕ್ಕಲಾಗಿದೆ, ಬಿಲ್ಲೆಯ ತೂತು ಒರಟು, ನಕಲಿ ಎಂದು ಸಲೀಂಗೆ ಬರೆದು ಕಳಿಸಿದೆ. ಪಾಪ, ಆ ಮನುಷ್ಯ ಎಷ್ಟು ಪ್ರಾಮಾಣಿಕನೆಂದರೆ ನನ್ನ ಮಾತನ್ನು ಹಾಗೇ ತನ್ನ ಜಾಹೀರಾತಿನ ಕೆಳಗೆ ಅಂಟಿಸಿ ಬೆಲೆಯನ್ನೂ ಇಳಿಸಿದ.

ಗಂಗವ್ವನಿಗೆ ಹೇಳುವುದೇ ಕಷ್ಟವಾಯಿತು. ದುಮ್ಮವಾಡಕ್ಕೆ ಹೋಗಿ ಎದುರಿಗೇ ಹೇಳಿದೆ. ಅವರು ಒಲೆಯ ಮೇಲಿನ ಚಹಾ ಇಳಿಸಿ, ನನ್ನ ಕಪ್ಪು ತುಂಬಿಸಿ, "ಆತು ಬಿಡ್ರಿ ಬಾಯಾರ" ಎಂದರು. ನಾನು ಎಷ್ಟೋ ಶ್ರೀಮಂತರ ಕತ್ತಿಗಳನ್ನು ನಕಲಿ ಎಂದು ಹೇಳಿ ಸಂಜೆ ಆರಾಮಾಗಿ ಊಟ ಮಾಡಿದವಳು, ಆ ದಿನ ಮಾತ್ರ ಬಸ್ಸಿನಲ್ಲಿ ಕಣ್ಣು ತುಂಬಿ ಬಂದು ಕಿಟಕಿ ಕಡೆ ತಿರುಗಿ ಕೂತೆ.

ಕೆಲವು ದಿನ ಕಳೆದವು. ನಾನು ಪಾರವ್ವ ಸೇರಿ ನಿಂಬೆಕಾಯಿ ಉಪ್ಪಿನಕಾಯಿಗೆ ಕುಳಿತಿದ್ದೆವು. ಹಿಂದಿನ ದಿನ ಕೊಯ್ಯುತ್ತ ಕೊಯ್ಯುತ್ತ ಕರೆಂಟು ಹೋಗಿ, ನಾನು ಕಬ್ಬಿಣದ ಚಾಕುವನ್ನು ಒಂದು ನಿಂಬೆಹಣ್ಣಿಗೆ ಚುಚ್ಚಿ ಹಾಗೇ ಬಿಟ್ಟು ಎದ್ದಿದ್ದೆ. ಪಾರವ್ವ ಅದನ್ನು ಕಿತ್ತು ನನ್ನ ಮೂಗಿನ ಮುಂದೆ ಹಿಡಿದಳು.

"ಅಕ್ಕಾರ, ಹಿಂಗ ಬಿಟ್ರ ಚಾಕು ಉಳೀತೈತೇನ್ರಿ? ನೋಡ್ರಿ, ಹೆಂಗ ಕರ್ರಗ ತಿಂದಬಿಟ್ಟೈತಿ!"

ನೋಡಿದೆ. ಮೊನೆ ಹಣ್ಣಿನಿಂದ ಆಚೆ ಬಂದಿತ್ತು, ಅದಕ್ಕೇನೂ ಆಗಿರಲಿಲ್ಲ. ಅದರ ಕೆಳಗೆ ಎರಡೂ ಬದಿಗೆ ಸುತ್ತುಗಟ್ಟಿ ಕಪ್ಪು ಕಲೆ. ನಾನು ಕೂತಲ್ಲಿಂದ ಹಾರಿದೆ. ಉಪ್ಪಿನ ಡಬ್ಬಿ ಉರುಳಿತು, ನಿಂಬೆಹೋಳು ಓಣಿಯವರೆಗೆ ಹೋದವು. "ಪಾರೂ, ಆಮ್ಲ ಅಲ್ಲಲೇ! ಅಂದ್ರ ಆಮ್ಲನ, ಆದ್ರ ಕಳ್ಳರದಲ್ಲ!" ಎಂದು ಕೂಗುತ್ತಾ ಚಾಕು ಹಿಡಿದುಕೊಂಡೇ ಫೋನು ಹುಡುಕಲು ಓಡಿದೆ. ಅಕ್ಕಾರ ಬೆರಳು ಕೊಯ್ಕೊಂಡಾರ ಅಂತ ಪಾರವ್ವ ಅರಿಶಿನ ಹಿಡಿದು ನನ್ನ ಹಿಂದೆ ಓಡಿಬಂದಳು.

ಈಗ ಬಹಳ ಹುಷಾರಾಗಿರಬೇಕು. ಕತ್ತಿಗೆ ನಿಂಬೆಹಣ್ಣು ಚುಚ್ಚತಿದ್ರೇನ್ರಿ ಅಂತ ನಾನೇ ಕೇಳಿದರೆ, ಆಸೆ ಇರುವವರು ಹೌದು ಅಂದೇ ಅನ್ನುತ್ತಾರೆ. ನಮ್ಮ ಕಸುಬಿನಲ್ಲಿ ಉತ್ತರವನ್ನು ಪ್ರಶ್ನೆಯೊಳಗೆ ಇಟ್ಟು ಕೇಳಬಾರದು. ಗಂಗವ್ವನಿಗೆ ಫೋನು ಹಚ್ಚಿ, "ಗಂಗವ್ವಾರ, ನಿಮ್ಮಪ್ಪಾರು ಒಡಪಿಗೆ ತಯಾರಾಗೂಮುಂದ ನೀವೇನು ಮಾಡತಿದ್ರಿ?" ಎಂದು ಮಾತ್ರ ಕೇಳಿದೆ.

"ನನಗೇನ್ ಮಾಡಾಕ ಕೊಡ್ತಿದ್ರು ಅವರು? ಮೊನಿಗೆ ನಿಂಬಿಹಣ್ಣ ಚುಚ್ಚೂದು, ಅಷ್ಟ ನನ್ನ ಕೆಲಸ. ಶಸ್ತ್ರಕ್ಕ ದೃಷ್ಟಿ ಆಗಬಾರದಂತ. ಆ ಹಣ್ಣು ಬತ್ತಿ ಬಡಕಲಾಗೂತನಕ ತಗೀತಿದ್ದಿಲ್ರಿ."

"ಇದನ್ನ ಅವತ್ತ ಯಾಕ ಹೇಳಲಿಲ್ರೀ?"

"ನೀವು ಕತ್ತಿ ಬಗ್ಗೆ ಕೇಳಿದ್ರಿ. ಇದು ನಿಂಬಿಹಣ್ಣಿನ ಮಾತಲ್ಲೇನ್ರಿ?"

ಸಾಹೇಬರು ಬದುಕಿದ್ದರೆ ಈ ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆದು ವಿಭಾಗದ ಗೋಡೆಗೆ ಹಚ್ಚಿಸುತ್ತಿದ್ದರು. ವಸ್ತುವಿನ ಬಗ್ಗೆ ಕೇಳಿದರೆ ಜನ ಉದ್ದ, ಹೊಳಪು ಎನ್ನುತ್ತಾರೆ. ಅವರ ಕೈ ಏನು ಮಾಡುತ್ತಿತ್ತು ಎಂದು ಕೇಳಿ, ಆಗ ನೋಡಿ! ಆದರೆ ನಿಂಬೆಹಣ್ಣು ಚುಚ್ಚುವುದು ನಮ್ಮ ಕಡೆ ಎಷ್ಟೋ ಮನೆಯ ರೂಢಿ. ಈ ಕಲೆಯೊಂದರಿಂದ ಇದು ವೀರಪ್ಪನದೇ ಎನ್ನಲಾಗದು. ಹಾಗಾಗಿ ಆ ಝಣ್ ಸಪ್ಪಳ ಎಲ್ಲಿಂದ ಬರುತ್ತಿತ್ತು ಎಂದು ಕೇಳಿದೆ.

"ಗೆಜ್ಜಿ ಕಟ್ಟಿದ್ರಲ್ರೀ, ಹಿಡಿ ಮುಂದಿನ ಬಿಲ್ಲಿಗೆ. ತಂಬೂರ ಊರಾಗಿನ ಕಮ್ಮಾರ ತೂತು ಹೊಡೀತೀನಂತ ಒಯ್ದ. ಮೊದ್ಲ ಒಂದು ಹೊಡದ, ಅದು ಅರ್ಧಕ್ಕ ನಿಂತ್ತು. ಬಾಜೂಕ ಮತ್ತೊಂದು ಹೊಡದ. ಅಪ್ಪ ಅವಂಗ ಏನೇನು ಬೈದಾ ಅಂತ ನನಗ ಈಗೂ ನೆನಪೈತಿ. ಹೇಳ್ಲೆನ್ರಿ?"

"ಬ್ಯಾಡ್ರಿ, ಬ್ಯಾಡ್ರಿ!"

ಫೋಟೋ ತೆರೆದು ಬಿಲ್ಲೆಯನ್ನು ದೊಡ್ಡದು ಮಾಡಿದೆ. ಒಂದು ಪೂರ್ತಿ ತೂತು, ಸೊಟ್ಟಗೆ. ಅದರ ಪಕ್ಕದಲ್ಲಿ ಆಳಕ್ಕೆ ಹೋಗದೆ ನಿಂತ ಇನ್ನೊಂದು ಕುಳಿ. ನಕಲಿಗೆ ಸಾಕ್ಷಿ ಎಂದು ನಾನೇ ಬರೆದ ತೂತು! ಜಗತ್ತಿನ ಯಾವ ಕಳ್ಳನೂ ತಂಬೂರಿನ ಕಮ್ಮಾರನ ಅವಾಂತರವನ್ನು ನಕಲು ಮಾಡಲಾರ. ಫೋನಿನಲ್ಲೇ, "ಗಂಗವ್ವಾರ, ನಿಮ್ಮದರೀ! ನಿಮ್ಮಪ್ಪಾರದ ಕತ್ತಿ!" ಎಂದು ಚೀರಿದೆ. ಆ ಕಡೆಯಿಂದ ಧಡಧಡ ಸಪ್ಪಳ, "ಲೇ ವೀರೇಶಾ, ಅಂಗಡಿ ಮುಚ್ಚೋ!" ಎಂಬ ಗರ್ಜನೆ ಮಾತ್ರ ಕೇಳಿತು.

ಕತ್ತಿ ಮಾರಿಹೋಗಿದ್ದರೆ? ಕೂಡಲೇ ಸಲೀಂಗೆ ಫೋನು ಮಾಡಿದೆ.

"ಎಲ್ಲಿ ಹೋಗ್ತೈತ್ರಿ ಮೇಡಂ? ಪುಣೇದವ ಒಬ್ಬ ಮುಂಗಡ ಕೊಡ್ತೀನಂತ ಬೆನ್ನ ಹತ್ತಿದ್ದ. ನೀವು ನಕಲಿ ಅಂದಿದ್ದು ಓದಿ ಓಡಿಹೋದ. ನಿಮ್ಮ ಕೃಪಾದಿಂದ ಮೂಸಿ ನೋಡವ್ರೂ ಇಲ್ಲ."

ನನ್ನ ತಪ್ಪೇ ಕತ್ತಿಯನ್ನು ಕಾದಿತ್ತು! ನಾನು ಸರಿಯಾಗಿ ನೋಡಿದ್ದರೆ ಅದು ಪುಣೆಯ ಯಾವುದೋ ಬೈಠಕ್ಕಿನ ಗೋಡೆಗೆ ತೂಗಾಡುತ್ತಿತ್ತು. ನಗುತ್ತಲೇ ಸಲೀಂಗೆ ಎಲ್ಲವನ್ನೂ ಹೇಳಿದೆ.

"ಅಂದ್ರ ಅಸಲಿ ಅಂತಾತು" ಎಂದ ಸಲೀಂ, ವ್ಯಾಪಾರಿಯ ದನಿಯಲ್ಲಿ. "ಮತ್ತ ರೇಟ್ ಹೆಂಗ ಮಾಡೂಣು?"

"ನಕಲಿ ಅನ್ನೂದೊಂದ ಬಿಟ್ರ ನಾನು ಬರದಿದ್ದರಾಗ ಒಂದಕ್ಷರ ಸುಳ್ಳೈತೇನ್ರಿ? ಆಮ್ಲದ ಕಲಿ ಐತಿ. ತೂತು ಒರಟ ಐತಿ. ಬಾಲ ತಿಕ್ಕಿದವರು ಯಾರು?"

ಸಲೀಂ ಸೋತು ನಕ್ಕ. ನಕಲಿ ಎಂದು ಇಳಿಸಿದ ಬೆಲೆಗೇ ಕೊಡುತ್ತೇನೆ, ನಾನೇ ತಂದುಕೊಡುತ್ತೇನೆ, ಗಸಗಸ ತಿಕ್ಕಿದವಳೂ ನೋಡಬೇಕಂತೆ ಎಂದ. ಅಂಗಡಿಯಲ್ಲಿ ತೂಗಿದರೆ ಆ ಕತ್ತಿಗೆ ಬೆಲೆ ಬರುವ ಯಾವ ಲಕ್ಷಣವೂ ಉಳಿದಿರಲಿಲ್ಲ ಎಂಬುದನ್ನೂ ಹೊಸಬರಿಗೆ ಹೇಳಬೇಕು. ಯುದ್ಧಕಾಲದ ಕಾರ್ಖಾನೆ ಮಾಲು, ಮೊನೆ ನಿಂಬೆ ತಿಂದದ್ದು, ಬಿಲ್ಲೆ ಕಮ್ಮಾರ ಕೆಡಿಸಿದ್ದು, ಬಾಲ ಹುಣಸೆಹುಳಿ ತಿಂದದ್ದು. ಸಂಗ್ರಹಕಾರರು ಕೇಳಿದರೆ ನಾನು ಇವತ್ತೂ ಕೊಳ್ಳಬೇಡಿ ಎನ್ನುತ್ತೇನೆ. ಗಂಗವ್ವನಿಗೆ ಮಾತ್ರ, ಇಂಥ ಕತ್ತಿ ಭೂಮಿಯ ಮೇಲೆ ಇನ್ನೊಂದಿಲ್ಲ, ತಗೊಳ್ಳಿ ಎಂದೆ. ಅಂದಹಾಗೆ ಉದ್ದನೆಯ ಅಲಗು ಮನೆಯಲ್ಲಿಡಲು ಕಾಯದೆ ಕಟ್ಟಳೆ ಇರುತ್ತವೆ. ಕಲಘಟಗಿಗೆ ಹೋಗಿ ಠಾಣೆಯಲ್ಲಿ ವಿಚಾರಿಸಿ, ಬೇಕಾದ ಕಾಗದವೆಲ್ಲ ಮಾಡಿಸಿದ ಮೇಲೆಯೇ ನಾವು ಕತ್ತಿ ತರಿಸಿದ್ದು. ನೀವೂ ಹಾಗೇ ಮಾಡಿ.

ಸಲೀಂ ದಂಪತಿ ಬೆಳಗಾವಿಯಿಂದ ಬಂದ ದಿನ ದುಮ್ಮವಾಡದ ಆ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕತ್ತಿ ಹಳೆಯ ಕೌದಿಯಲ್ಲಿ ಸುತ್ತಿಕೊಂಡು ಬಂದಿತ್ತು. ನಾನು ಕಾಗದ ಕಚ್ಚಿಕೊಂಡು ಒರೆ ತೆಗೆದು ಕೊನೆಯದಾಗಿ ಒಮ್ಮೆ ನೋಡಿದೆ. ವೀರೇಶ ಗೆಜ್ಜೆ ತಂದಿದ್ದ, ಆ ಸೊಟ್ಟ ತೂತಿಗೇ ಕಟ್ಟಿದ. ಆಮೇಲೆ ಒಂದು ನಿಂಬೆಹಣ್ಣು ತೆಗೆದು ಹಿಂಜರಿದು ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ.

ಗಂಗವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಣೆ ತುಂಬ ವಿಭೂತಿ ಎಳೆದು ನಡುಮನೆಯಿಂದ ಹೊರಗೆ ಬಂದರು. ಕಟ್ಟೆಯ ಮೇಲೆ ಕೂತ ಹಿರಿಯರಲ್ಲಿ ಒಬ್ಬಿಬ್ಬರು ಗುಸುಗುಸು ಅಂದರು. ವೀರೇಶ ಎರಡೂ ಕೈಯಲ್ಲಿ ಕತ್ತಿ ಎತ್ತಿ, "ತಗೋ ಅತ್ತಿ" ಎಂದ. ಗಂಗವ್ವ ಹಿಡಿದರು. ತೋಳು ಒಮ್ಮೆ ಜೋಲಿ ಹೊಡೆಯಿತು, ಆಮೇಲೆ ನಿಂತಿತು. ಕತ್ತಿ ಝಣ್ ಅಂದಿತು. ಎಪ್ಪತ್ತು ದಾಟಿದ ಗಂಟಲಿನಿಂದ ಒಡಪಿನ ಮೊದಲ ಸಾಲು ಗುಡುಗಿ ಹೊರಬಂತು. ಸಾಲಿನ ಕೊನೆಗೆ ಹೇಳುವವನು ತಾನು ಇಂಥವರ ಮಗ ಎಂದು ಸಾರುವ ಕಡೆ, "ವೀರಪ್ಪನ ಮಗಳು!" ಎಂದು ಕಾಲು ಅಪ್ಪಳಿಸಿ ನಿಂತರು.

ಒಡಪಿನ ಪ್ರತಿ ಸಾಲಿಗೂ ಸುತ್ತಲಿನವರು ಆಹಹಾ ಎಂದು ಕೂಗಬೇಕು. ಕೂಗದಿದ್ದರೆ ಹೇಳುವವರು ಮುಂದೆ ಹೋಗುವಂತಿಲ್ಲ. ಯಾರೂ ಕೂಗಲಿಲ್ಲ. ಹೆಂಗಸಿಗೆ ಕೂಗುವುದು ಹೇಗೆ ಎಂದು ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಗಂಗವ್ವನ ಕಣ್ಣು ಜನರ ಮೇಲೆ ಸುತ್ತಾಡಿತು. ನನಗೆ ತಡೆಯಲಾಗಲಿಲ್ಲ. ಬಾಯಲ್ಲಿದ್ದ ಕಾಗದ ಉಗುಳಿ, "ಆಹಹಾ!" ಎಂದು ಅರಚಿದೆ. ರಾಗವಿಲ್ಲ, ತಾಳವಿಲ್ಲ, ಗಂಟಲು ನಡುವೆ ಒಡೆದು ಕೋಳಿ ಕೂಗಿದಂತಾಯಿತು. ಓಣಿಗೆ ಓಣಿಯೇ ಘೊಳ್ಳೆಂದು ನಕ್ಕಿತು. ಕತ್ತಿ ಹಿಡಿದ ಗಂಗವ್ವನೂ ಮೈ ಕುಲುಕಿಸಿ ನಕ್ಕರು. ಸಲೀಂನ ಹೆಂಡತಿಯಂತೂ ಬಾಯಿಗೆ ಸೆರಗು ತುರುಕಿಕೊಂಡರು.

ನಗು ಇಳಿಯುವ ಮೊದಲೇ ಗಂಗವ್ವ ಎರಡನೆಯ ಸಾಲು ಎತ್ತಿದರು. ಈ ಸಲ ಗುಸುಗುಸು ಅಂದಿದ್ದ ಮುದುಕರೇ ಮೊದಲು ಕೂಗಿದರು, ಹಿಂದೆಯೇ ಎಲ್ಲರೂ. ಮೂರನೆಯದಕ್ಕೆ ಪಕ್ಕದ ಓಣಿಯವರೂ ಓಡಿಬಂದರು. ಗಂಗವ್ವ ಮುಂದೆ ನುಗ್ಗಿದರೆ ಜನ ಹಿಂದೆ, ಹಿಂದೆ ಸರಿದರೆ ಜನ ಮುಂದೆ. ಸಾಲಿನ ಮೇಲೆ ಸಾಲು, ಒಂದೂ ಮರೆತಿರಲಿಲ್ಲ. ಕೂಗಿ ಕೂಗಿ ನಮಗೇ ಸುಸ್ತಾಯಿತು, ಅವರಿಗಾಗಲಿಲ್ಲ. ತೋಳು ನಡುಗುವುದನ್ನು ಕಂಡು ವೀರೇಶ ಹತ್ತಿರ ಹೋದ.

"ಅತ್ತಿ, ಸಾಕ ಬಿಡಬೇ, ಕೈ ನೋಯ್ತಾವು."

"ಇಷ್ಟು ವರ್ಷ ನೋಯ್ತಿದ್ದಿದ್ದು ಕೈ ಅಲ್ಲಲೇ," ಎಂದರು ಗಂಗವ್ವ, ಕತ್ತಿಯನ್ನು ಇನ್ನೂ ಎತ್ತರಕ್ಕೆ ಎತ್ತಿ. "ನೀ ಆಹಹಾ ಅನ್ನು!"

ವೀರೇಶ ಅಂದ. ನಾವೂ ಅಂದೆವು.